ಶಾಲೆಯ ಗೇಟಿನಾಚೆಗಿನ ಸಮಸ್ಯೆ: ಮಕ್ಕಳ ಪ್ರಾಜೆಕ್ಟಿಗೆ ಆಯ್ಕೆಯಿಂದ ಮಂಡನೆಯವರೆಗಿನ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಶಾಲೆಗಳ ವಸ್ತುಪ್ರದರ್ಶನಕ್ಕೆ ಹೋದವರಿಗೆ ‘ಜಲ ಸಂರಕ್ಷಣೆ’, ‘ಸ್ವಚ್ಛ ನಗರ’, ‘ವಾಯುಮಾಲಿನ್ಯ’ ಎಂಬ ಫಲಕಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಥರ್ಮಾಕೋಲಿನ ಮನೆಗಳು, ಬಣ್ಣ ಹಚ್ಚಿದ ಮರದ ಪುಡಿಯ ಹುಲ್ಲುಹಾಸು, ಸಣ್ಣ ಮೋಟರಿನಿಂದ ತಿರುಗುವ ಗಾಳಿಯಂತ್ರ. ಮಕ್ಕಳು ಉಸಿರು ಬಿಗಿಹಿಡಿದು ಪಾಠ ಒಪ್ಪಿಸುತ್ತಾರೆ. ಅದೇ ಶಾಲೆಯ ಕಾಂಪೌಂಡಿಗೆ ಒರಗಿದಂತೆ ಕಸದ ರಾಶಿ ಬಿದ್ದಿರುತ್ತದೆ, ಗೇಟಿನ ಮುಂದೆ ರಸ್ತೆ ದಾಟಲು ಮಕ್ಕಳು ಹತ್ತು ನಿಮಿಷ ಕಾಯುತ್ತಾರೆ, ಶೌಚಾಲಯದ ನಲ್ಲಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೀರು ನಿಂತಿರುತ್ತದೆ. ಒಳಗಿನ ಪ್ರದರ್ಶನದಲ್ಲಿ ಇವುಗಳ ಪ್ರಸ್ತಾಪವೇ ಇರುವುದಿಲ್ಲ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಪಕ್ಕದ ಬೀದಿಯ ಸಮಸ್ಯೆಯನ್ನು ಅಧ್ಯಯನ ಮಾಡುವುದು ಹೇಗೆ, ಅದನ್ನು ಯಾರ ಮುಂದೆ ಹೇಗೆ ಇಡಬೇಕು ಎಂದು ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ. ಈ ಬರಹ ಅದಕ್ಕಾಗಿ. ಇದರ ಉದ್ದಕ್ಕೂ ನಾನು ಹಿಡಿದಿರುವ ನಂಬಿಕೆ ಒಂದೇ: ಒಳ್ಳೆಯ ಪ್ರಾಜೆಕ್ಟ್ ಒಂದು ನಿರ್ದಿಷ್ಟ ಜಾಗದಿಂದ ಶುರುವಾಗಬೇಕು, ‘ಆಗಲಿ’ ಎನ್ನಬಲ್ಲ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಸಲ್ಲಿಸುವ ಒಂದು ಕೋರಿಕೆಯೊಂದಿಗೆ ಮುಗಿಯಬೇಕು. ನಡುವೆ ಇರುವುದೆಲ್ಲ ಆ ಕೋರಿಕೆಗೆ ಬಲ ತುಂಬುವ ಕೆಲಸ.

ಉದಾಹರಣೆಗೆ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಹನುಮಂತನಗರ, ಶ್ರೀನಗರದ ಕಡೆಯ ಒಂದು ಪ್ರೌಢಶಾಲೆ. ಹಿಂಬದಿಯ ಅಡ್ಡರಸ್ತೆಯ ಮೂಲೆಯಲ್ಲಿ, ಟ್ರಾನ್ಸ್‌ಫಾರ್ಮರ್ ಕೆಳಗೆ, ದಿನವೂ ಕಸ ಬೀಳುತ್ತದೆ. ಪೌರಕಾರ್ಮಿಕರು ‘ಬ್ಲಾಕ್ ಸ್ಪಾಟ್’ ಎಂದು ಕರೆಯುವ ಜಾಗ. ಒಂಬತ್ತನೆಯ ತರಗತಿಯ ಐವರು ಮಕ್ಕಳು ಇದನ್ನು ಕೈಗೆತ್ತಿಕೊಂಡಿದ್ದಾರೆ ಎಂದುಕೊಂಡು ಅವರೊಂದಿಗೆ ಸಾಗೋಣ.

ಯಾವ ತರಗತಿ, ಯಾವ ಕಾಲ

ಎಂಟು ಮತ್ತು ಒಂಬತ್ತನೆಯ ತರಗತಿ ಇದಕ್ಕೆ ಹೇಳಿ ಮಾಡಿಸಿದ ವಯಸ್ಸು. ಹತ್ತನೆಯವರಿಗೆ ಎಸ್‌ಎಸ್‌ಎಲ್‌ಸಿ ಒತ್ತಡ. ಆರು, ಏಳನೆಯವರು ಇನ್ನೂ ಚಿಕ್ಕ ವಿಷಯ ಹಿಡಿದರೆ ಚೆನ್ನಾಗಿ ಮಾಡುತ್ತಾರೆ. ಒಟ್ಟು ಎಂಟರಿಂದ ಹತ್ತು ವಾರ ಬೇಕು. ಜೂನ್ ಕೊನೆಗೆ ವಿಷಯ ಆರಿಸಿ, ಜುಲೈ ಮತ್ತು ಆಗಸ್ಟ್‌ನಲ್ಲಿ ಎಣಿಕೆ, ಮಾತುಕತೆ, ಸಣ್ಣ ಪ್ರಯೋಗ ಮುಗಿಸಿದರೆ ಅರ್ಧವಾರ್ಷಿಕ ಪರೀಕ್ಷೆಗೂ ದಸರಾ ರಜೆಗೂ ತೊಂದರೆಯಾಗುವುದಿಲ್ಲ. ರಜೆ ಕಳೆದ ಮೇಲೆ ತಾಲೀಮು, ನವೆಂಬರ್ 14ರ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಮಂಡನೆ. ಈ ದಿನಕ್ಕೆ ಇನ್ನೊಂದು ಅರ್ಥವೂ ಇದೆ: ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳು ಅಧಿಕಾರಿಗಳ ಮುಂದೆ ತಮ್ಮ ಕುಂದುಕೊರತೆ ಹೇಳಿಕೊಳ್ಳುವ ಮಕ್ಕಳ ಗ್ರಾಮಸಭೆಗಳು ಈ ಹೊತ್ತಿನಲ್ಲೇ ಹೆಚ್ಚಾಗಿ ನಡೆಯುತ್ತವೆ. ನಗರದ ಮಕ್ಕಳಿಗೂ ಅಂಥದ್ದೊಂದು ವೇದಿಕೆಯನ್ನು ಶಾಲೆಯೇ ಕಟ್ಟಿಕೊಡಬಹುದು.

ಹಂತ 1: ಸಮಸ್ಯೆಯನ್ನು ಒಂದು ಜಾಗಕ್ಕೆ ಇಳಿಸಿ

ಮೊದಲ ವಾರ ಪುಸ್ತಕವನ್ನೂ ಅಂತರ್ಜಾಲವನ್ನೂ ಮುಟ್ಟಬೇಡಿ. ಶಿಕ್ಷಕರೊಬ್ಬರೊಂದಿಗೆ ಶಾಲೆಯ ಸುತ್ತ ಅರ್ಧ ಕಿಲೋಮೀಟರ್ ನಡೆಯಿರಿ. ಪ್ರತಿ ಮಗುವಿನ ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಕಂಡದ್ದನ್ನಷ್ಟೇ ಬರೆಯಲಿ: ‘ಬೇಕರಿ ಎದುರು ಪಾದಚಾರಿ ಮಾರ್ಗದ ಕಲ್ಲು ಎದ್ದಿದೆ’, ‘ನಾಲ್ಕನೇ ಅಡ್ಡರಸ್ತೆಯಲ್ಲಿ ಚರಂಡಿ ತೆರೆದಿದೆ’, ‘ಕಟ್ಟಡ ಕಾಮಗಾರಿಯ ಪಕ್ಕದ ಟೆಂಟಿನ ಮೂವರು ಮಕ್ಕಳು ಶಾಲೆಯ ಹೊತ್ತಿನಲ್ಲಿ ಆಡುತ್ತಿದ್ದರು’. ತರಗತಿಗೆ ಮರಳಿ ಎಲ್ಲವನ್ನೂ ಹಲಗೆಯ ಮೇಲೆ ಬರೆದು ಮೂರು ಪ್ರಶ್ನೆ ಕೇಳಿ.

ಮಕ್ಕಳು ಅಲ್ಲಿಗೆ ನಡೆದೇ ಹೋಗಿ ಮತ್ತೆ ಮತ್ತೆ ನೋಡಬಹುದೇ? ಇದನ್ನು ಸರಿಪಡಿಸುವ ಅಧಿಕಾರ ಇರುವವರು ನಾವು ಭೇಟಿಯಾಗಬಹುದಾದ ಮಟ್ಟದಲ್ಲಿದ್ದಾರೆಯೇ? ಎರಡು ತಿಂಗಳಲ್ಲಿ ಏನಾದರೂ ಒಂದು ಬದಲಾವಣೆ ಕಣ್ಣಿಗೆ ಕಾಣಬಹುದೇ?

ಬೆಳ್ಳಂದೂರು ಕೆರೆಯ ನೊರೆ ದೊಡ್ಡ ವಿಷಯವೇ ಸರಿ. ಕೆರೆಗೆ ಬೆಂಕಿ ಬಿದ್ದು ದೇಶವೆಲ್ಲ ಬೆಂಗಳೂರಿನತ್ತ ನೋಡಿತ್ತು. ಆದರೆ ಹನುಮಂತನಗರದ ಮಕ್ಕಳಿಗೆ ಅದು ಈ ಮೂರು ಪ್ರಶ್ನೆಗಳಲ್ಲಿ ಒಂದನ್ನೂ ದಾಟುವುದಿಲ್ಲ. ತಮ್ಮ ಬೀದಿಯ ಮಳೆನೀರು ಚರಂಡಿಗೆ ಮನೆಯೊಂದರ ಕೊಳಚೆ ಪೈಪು ಸೇರಿರುವುದು ಮೂರನ್ನೂ ದಾಟುತ್ತದೆ. ಕೆರೆಗಳು ಕೆಡುವುದರ ಮೂಲವೂ ಅಲ್ಲೇ ಇದೆ.

ವಿಷಯ ಆರಿಸಿದ ಮೇಲೆ ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಬರೆಯಿಸಿ. ಅದರಲ್ಲಿ ಜಾಗ, ಹೊತ್ತು, ತೊಂದರೆ ಅನುಭವಿಸುವವರು ಮೂರೂ ಇರಬೇಕು. ‘ನಮ್ಮ ಬಡಾವಣೆಯಲ್ಲಿ ಕಸದ ಸಮಸ್ಯೆ ಇದೆ’ ಎಂಬುದು ಸಾಲದು. ‘ಶಾಲೆಯ ಹಿಂದಿನ ಎರಡನೇ ಅಡ್ಡರಸ್ತೆಯ ಟ್ರಾನ್ಸ್‌ಫಾರ್ಮರ್ ಕೆಳಗೆ ಪ್ರತಿದಿನ ಬೆಳಗ್ಗೆ ಕಸ ಬೀಳುವುದರಿಂದ ಆ ದಾರಿಯಲ್ಲಿ ಬರುವ ಮಕ್ಕಳು ರಸ್ತೆಯ ನಡುವೆ ನಡೆಯಬೇಕಾಗಿದೆ’ ಎಂದರೆ ಕೆಲಸ ಶುರುವಾಯಿತು.

ಇಲ್ಲೊಂದು ಎಚ್ಚರಿಕೆ ಮುಖ್ಯ. ಸಮಸ್ಯೆಯ ವಾಕ್ಯದೊಳಗೆ ಪರಿಹಾರ ಅಡಗಿ ಕೂತಿರಬಾರದು. ‘ಇಲ್ಲಿ ಕಸದ ತೊಟ್ಟಿ ಇಲ್ಲ’ ಎಂದು ಮಕ್ಕಳು ಬರೆದರೆ ಅವರು ಪರಿಹಾರವನ್ನು ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ಬೆಂಗಳೂರಿನಲ್ಲಿ ಮನೆಮನೆಯಿಂದ ಕಸ ಸಂಗ್ರಹಿಸುವ ಪದ್ಧತಿ ಬಂದಾಗ ಬೀದಿಯ ತೊಟ್ಟಿಗಳನ್ನು ಬೇಕೆಂದೇ ತೆಗೆಯಲಾಯಿತು. ಅದು ತಿಳಿಯದೆ ತೊಟ್ಟಿ ಕೇಳಿದರೆ ಅಧಿಕಾರಿ ಮೊದಲ ನಿಮಿಷದಲ್ಲೇ ಮಾತು ಮುಗಿಸಿಬಿಡುತ್ತಾರೆ.

ಹಂತ 2: ತಂಡ, ಅನುಮತಿ, ಸುರಕ್ಷತೆ

ನಾಲ್ಕರಿಂದ ಆರು ಮಕ್ಕಳ ತಂಡ ಸಾಕು. ಚೆನ್ನಾಗಿ ಮಾತನಾಡುವವರನ್ನಷ್ಟೇ ಸೇರಿಸಬೇಡಿ. ಎಣಿಸುವ ತಾಳ್ಮೆ ಇರುವ, ನಕ್ಷೆ ಬರೆಯಬಲ್ಲ, ಬೀದಿಯವರೆಲ್ಲ ಬಲ್ಲ ಮಗುವೂ ಬೇಕು. ಕಸದ ಮೂಲೆಯ ಪಕ್ಕದಲ್ಲೇ ಮನೆ ಇರುವ ಮಗು ತಂಡದಲ್ಲಿದ್ದರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಮುಖ್ಯೋಪಾಧ್ಯಾಯರ ಸಹಿ ಇರುವ ಪತ್ರ, ಪೋಷಕರ ಒಪ್ಪಿಗೆ ಪತ್ರ ಮೊದಲೇ ಆಗಬೇಕು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಡಿ. ಸದಸ್ಯರು ಅದೇ ಬೀದಿಗಳವರಾದ್ದರಿಂದ ಮುಂದೆ ಬಾಗಿಲುಗಳು ತಾವಾಗಿ ತೆರೆಯುತ್ತವೆ.

ಸುರಕ್ಷತೆಯ ವಿಚಾರದಲ್ಲಿ ರಾಜಿ ಬೇಡ. ಮಕ್ಕಳು ಹೊರಗೆ ಹೋದಾಗಲೆಲ್ಲ ದೊಡ್ಡವರೊಬ್ಬರು ಜೊತೆಗಿರಬೇಕು. ಕತ್ತಲಾದ ಮೇಲೆ ಎಣಿಕೆ ಇಲ್ಲ. ಕಸವನ್ನು ಕೈಯಿಂದ ಮುಟ್ಟುವಂತಿಲ್ಲ. ಅದರಲ್ಲಿ ಒಡೆದ ಗಾಜೂ ಸೂಜಿಯೂ ಇರುತ್ತವೆ. ಕಸ ಎಸೆಯುವವರನ್ನು ಮಕ್ಕಳು ತಡೆದು ಪ್ರಶ್ನಿಸಬಾರದು, ಅವರ ಮುಖವನ್ನೋ ವಾಹನದ ಸಂಖ್ಯೆಯನ್ನೋ ಮೊಬೈಲಿನಲ್ಲಿ ಹಿಡಿಯಬಾರದು. ಬೀದಿಜಗಳದಲ್ಲಿ ಸಿಕ್ಕಿಕೊಂಡ ಮಗು ಮತ್ತೆ ಈ ಕೆಲಸಕ್ಕೆ ಬರುವುದಿಲ್ಲ, ಪೋಷಕರು ಕಳಿಸುವುದೂ ಇಲ್ಲ. ಫೋಟೊ ಬೇಕಾದರೆ ಜಾಗದ್ದು, ರಾಶಿಯದ್ದು ಮಾತ್ರ.

ಬಾಲಕಾರ್ಮಿಕರು, ಮನೆಯೊಳಗಿನ ಹೊಡೆತ, ಮದ್ಯದ ಚಟ, ಶಾಲೆ ಬಿಟ್ಟ ಮಕ್ಕಳು ಇಂಥ ವಿಷಯ ಆರಿಸಿದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಯಾವ ಮಗುವಿನ ಹೆಸರನ್ನೂ ಕಥೆಯನ್ನೂ ಪ್ರಾಜೆಕ್ಟಿಗೆ ಬಳಸಬಾರದು. ನಮ್ಮ ಮಕ್ಕಳ ಕಣ್ಣಿಗೆ ಅಪಾಯದಲ್ಲಿರುವ ಮಗು ಕಂಡರೆ ಅದು ದತ್ತಾಂಶ ಆಗುವುದಕ್ಕೆ ಮುನ್ನ 1098 ಮಕ್ಕಳ ಸಹಾಯವಾಣಿಗೆ ಕರೆ ಆಗಬೇಕು. ಆ ಕರೆ ಮಾಡುವುದು ಶಿಕ್ಷಕರ ಕೆಲಸ.

ಹಂತ 3: ನೋಡಿ, ಎಣಿಸಿ, ಬರೆದಿಡಿ

ಪ್ರಾಜೆಕ್ಟಿನ ಜೀವ ಇರುವುದು ಇಲ್ಲಿ. ಇದಕ್ಕೆ ಎರಡು ವಾರ ಪೂರ್ತಿ ಕೊಡಿ.

ನಮ್ಮ ಐವರು ಮಕ್ಕಳಿಗೆ ಮೂಲೆಯ ಎದುರಿನ ಮನೆಯ ಮೊದಲ ಮಹಡಿಯ ಬಾಲ್ಕನಿ ಸಿಕ್ಕಿದೆ. ತಂಡದ ಹುಡುಗಿಯೊಬ್ಬಳ ಮನೆ ಅದು. ಸೋಮವಾರದಿಂದ ಶನಿವಾರದವರೆಗೆ ಬೆಳಗ್ಗೆ ಆರೂವರೆಯಿಂದ ಎಂಟೂವರೆ, ಇಬ್ಬಿಬ್ಬರಂತೆ ಪಾಳಿ. ಹಾಳೆಯಲ್ಲಿ ನಾಲ್ಕೇ ಕಾಲಂ: ಹೊತ್ತು, ಹೇಗೆ ಬಂದರು (ನಡೆದು, ಸ್ಕೂಟರಿನಲ್ಲಿ, ಗಾಡಿಯಲ್ಲಿ), ಚೀಲದಲ್ಲಿ ಏನಿದ್ದಂತೆ ಕಂಡಿತು (ಅಡುಗೆಮನೆ ಕಸ, ಊಟದ ಪೊಟ್ಟಣಗಳು, ಅಂಗಡಿಯ ರಟ್ಟು, ಕಟ್ಟಡದ ಅವಶೇಷ), ಬ್ಯಾಗು ಹೆಗಲಿಗೇರಿಸಿ ಕೆಲಸಕ್ಕೆ ಹೊರಟವರೋ ಅಲ್ಲವೋ. ಹೆಸರು ಬೇಡ, ಮನೆ ನಂಬರ್ ಬೇಡ. ಕಸದ ಆಟೊ ಬಂದ ಹೊತ್ತನ್ನು ಮನೆಯಲ್ಲೇ ಇರುವ ಅಜ್ಜಿಯೊಬ್ಬರು ಗುರುತು ಹಾಕಿಕೊಡುತ್ತಾರೆ.

ವಾರದ ಕೊನೆಗೆ ಹಾಳೆಗಳನ್ನು ಜೋಡಿಸಿದಾಗ ಮಕ್ಕಳು ನಿರೀಕ್ಷಿಸದ ಸಂಗತಿ ಹೊರಬೀಳುತ್ತದೆ. ಕಸ ಹಾಕುವವರು ‘ಶಿಸ್ತಿಲ್ಲದ ಜನ’ ಎಂದು ಅವರು ಅಂದುಕೊಂಡಿದ್ದರು. ಪಟ್ಟಿ ಹೇಳುವುದು ಬೇರೆ: ಹೆಚ್ಚಿನ ಚೀಲಗಳು ಏಳರಿಂದ ಎಂಟೂವರೆಯೊಳಗೆ, ಕೆಲಸಕ್ಕೆ ಹೊರಟವರ ಕೈಯಿಂದ ಬಿದ್ದಿವೆ. ಆಟೊ ಬರುವುದು ಒಂಬತ್ತೂವರೆಯ ಮೇಲೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆ, ಪಿ.ಜಿ.ಯ ಹುಡುಗರು, ಮನೆಗೆಲಸಕ್ಕೆ ಹೋಗುವ ಹೆಂಗಸರು ಯಾರೂ ಆ ಹೊತ್ತಿಗೆ ಮನೆಯಲ್ಲಿಲ್ಲ. ಹಾಗಾಗಿ ಸಮಸ್ಯೆಯ ದೊಡ್ಡ ಪಾಲು ಗಡಿಯಾರದಲ್ಲಿದೆ. ಇದು ಗೊತ್ತಾದ ಕ್ಷಣದಲ್ಲಿ ‘ಕಸ ಹಾಕಬೇಡಿ’ ಎಂಬ ಫಲಕ ಬರೆಯುವ ಯೋಚನೆಯನ್ನು ಮಕ್ಕಳು ತಾವೇ ಕೈಬಿಡುತ್ತಾರೆ. ಎಣಿಕೆ ಮಕ್ಕಳ ಅಭಿಪ್ರಾಯವನ್ನೇ ತಿರುಗಿಸಿದ ಇಂಥ ಗಳಿಗೆ ಮಂಡನೆಯಲ್ಲಿ ಖಂಡಿತ ಬರಬೇಕು.

ಬೇರೆ ವಿಷಯ ಆರಿಸಿದವರಿಗೂ ಎಣಿಸುವ ದಾರಿ ಇದ್ದೇ ಇದೆ.

ನೀರು ಪೋಲಾಗುವುದಾದರೆ, ಸೋರುವ ನಲ್ಲಿಯ ಕೆಳಗೆ ಹತ್ತು ನಿಮಿಷ ಅಳತೆಯ ಪಾತ್ರೆ ಇಡಿ. ಸಿಕ್ಕ ನೀರನ್ನು 144ರಿಂದ ಗುಣಿಸಿದರೆ ಒಂದು ದಿನದ ಲೆಕ್ಕ. ಹತ್ತು ನಿಮಿಷಕ್ಕೆ 100 ಮಿಲಿಲೀಟರ್ ಎಂದರೆ ದಿನಕ್ಕೆ 14.4 ಲೀಟರ್. ನೂರು ಕಿಲೋಮೀಟರಿನಷ್ಟು ದೂರದ ತೊರೆಕಾಡನಹಳ್ಳಿಯಿಂದ ಪಂಪುಗಳ ಮೂಲಕ ಮೇಲೆತ್ತಿ ತಂದ ಕಾವೇರಿ ನೀರು ಅದು ಎಂದು ಸೇರಿಸಿದರೆ ಕೇಳುವವರು ನೆಟ್ಟಗೆ ಕೂರುತ್ತಾರೆ.

ಮಳೆನೀರು ಸಂಗ್ರಹವಾದರೆ, ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿನ ವಾರ್ಷಿಕ ಸರಾಸರಿ ಸುಮಾರು 970 ಮಿಲಿಮೀಟರ್. 200 ಚದರ ಮೀಟರ್ ಚಾವಣಿಯ ಶಾಲೆಗೆ, ಹರಿದು ಆರಿಹೋಗುವ ಐದನೇ ಒಂದು ಭಾಗ ಕಳೆದರೂ, ವರ್ಷಕ್ಕೆ ಒಂದೂವರೆ ಲಕ್ಷ ಲೀಟರಿಗೂ ಮೀರಿ ಸಿಗುತ್ತದೆ. ಜಯನಗರದ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಉದ್ಯಾನವಿದೆ. ಈ ವಿಷಯ ಹಿಡಿದ ತಂಡ ಅಲ್ಲಿಗೆ ಹೋಗಿಬಂದರೆ ಸೋಸುವ ವಿಧಾನಗಳನ್ನು ಕಣ್ಣಾರೆ ನೋಡಬಹುದು.

ರಸ್ತೆ ದಾಟುವ ತೊಂದರೆಯಾದರೆ, ರಸ್ತೆಯ ಅಗಲ ಅಳೆದು, ಒಂದನೆಯ ತರಗತಿಯ ಮಗು ಅಷ್ಟು ದೂರವನ್ನು ಶಾಲೆಯ ಮೈದಾನದಲ್ಲಿ ನಡೆಯಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ನೋಡಿ. ಸಿಗ್ನಲ್ ಕೊಡುವ ಸೆಕೆಂಡುಗಳ ಜೊತೆ ಹೋಲಿಸಿ. ಪಾದಚಾರಿ ಮಾರ್ಗವಾದರೆ ಟೇಪು ಹಿಡಿಯಿರಿ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ನಡೆಯಲು ತೆರವಾಗಿರಬೇಕಾದ ಕನಿಷ್ಠ ಅಗಲ 1.8 ಮೀಟರ್. ಕಂಬ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರ್ ಕಳೆದು ಎಷ್ಟು ಉಳಿಯುತ್ತದೆ ಎಂದು ಹತ್ತು ಕಡೆ ಅಳೆದರೆ ಅದೇ ಬಲವಾದ ಪುರಾವೆ.

ಡೆಂಗಿ ವಿಷಯವಾದರೆ ತೆರೆದ ತೊಟ್ಟಿ, ಹೂಕುಂಡದ ತಟ್ಟೆ, ಟೈರು, ಎಳನೀರಿನ ಬುರುಡೆ ಎಣಿಸಬೇಕು. ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ನಮ್ಮ ಹವೆಯಲ್ಲಿ ಸುಮಾರು ಏಳರಿಂದ ಹತ್ತು ದಿನ ಬೇಕಾಗುವುದರಿಂದ, ವಾರಕ್ಕೊಮ್ಮೆ ನೀರು ಚೆಲ್ಲಿ ಒಣಗಿಸಿದ ಮನೆಗಳೆಷ್ಟು ಎಂಬುದೇ ಮುಖ್ಯ ಸಂಖ್ಯೆ. ಬಡಾವಣೆಯ ಆಶಾ ಕಾರ್ಯಕರ್ತೆಯೊಂದಿಗೆ ಹೋದರೆ ಮನೆಯವರೂ ಒಪ್ಪುತ್ತಾರೆ.

ಯಾವುದೇ ಆಗಲಿ, ಸಂಖ್ಯೆಯನ್ನು ಹಿಗ್ಗಿಸಬೇಡಿ. ಮೂವತ್ತು ಮನೆ ನೋಡಿದ್ದರೆ ‘ಮೂವತ್ತು ಮನೆಗಳಲ್ಲಿ ಹನ್ನೊಂದು’ ಎಂದೇ ಹೇಳಿ, ‘ಬೆಂಗಳೂರಿನ ಶೇಕಡ 37’ ಎನ್ನಬೇಡಿ.

ಹಂತ 4: ಜನರ ಮಾತು ಕೇಳಿ

ಎಣಿಕೆ ‘ಏನು ನಡೆಯುತ್ತಿದೆ’ ಎಂದು ಹೇಳುತ್ತದೆ, ‘ಯಾಕೆ’ ಎಂಬುದನ್ನು ಜನರೇ ಹೇಳಬೇಕು. ನಮ್ಮ ತಂಡ ಕನಿಷ್ಠ ನಾಲ್ಕು ಬಗೆಯವರನ್ನು ಭೇಟಿಯಾಗಬೇಕು: ಆ ರಸ್ತೆಯ ನಿವಾಸಿಗಳು, ಮೂಲೆಯ ಅಂಗಡಿಯವರು, ಗುಡಿಸುವ ಪೌರಕಾರ್ಮಿಕರು, ಕಸದ ಆಟೊ ಚಾಲಕರು.

ಪ್ರಶ್ನೆಯ ರೂಪವೇ ಉತ್ತರವನ್ನು ನಿರ್ಧರಿಸುತ್ತದೆ. ‘ಅಣ್ಣ, ನೀವು ಬೀದಿಗೆ ಕಸ ಹಾಕುತ್ತೀರಾ?’ ಎಂದರೆ ಯಾರೂ ಹೌದೆನ್ನುವುದಿಲ್ಲ. ‘ಕಸದ ಆಟೊ ಬರುವ ಹೊತ್ತಿಗೆ ನಿಮ್ಮ ಮನೆಯಲ್ಲಿ ಯಾರಿರುತ್ತಾರೆ? ಆಟೊ ತಪ್ಪಿಹೋದ ದಿನ ಏನು ಮಾಡುತ್ತೀರಿ?’ ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಹತ್ತು ಪ್ರಶ್ನೆಗಳ ಮುದ್ರಿತ ಹಾಳೆಗಿಂತ ಇಂಥ ಮೂರು ಪ್ರಶ್ನೆ ಮೇಲು.

ಪೌರಕಾರ್ಮಿಕರೊಂದಿಗಿನ ಮಾತಿಗೆ ವಿಶೇಷ ಗೌರವ ಇರಲಿ. ಅವರ ಕೆಲಸದ ನಡುವೆ ಅಡ್ಡ ನಿಲ್ಲಬೇಡಿ. ಹಾಜರಿಯ ಜಾಗದಲ್ಲಿ, ಕೆಲಸ ಮುಗಿದು ಅವರು ಕೂತು ಟೀ ಕುಡಿಯುವ ಹೊತ್ತಿಗೆ ಹೋಗಿ. ‘ಅಕ್ಕ, ಈ ರಾಶಿ ತೆಗೆಯಲು ನಿಮಗೆ ಎಷ್ಟು ಹೊತ್ತು ಹಿಡಿಯುತ್ತದೆ? ಯಾವ ದಿನ ಹೆಚ್ಚಿರುತ್ತದೆ?’ ಎಂದು ಕೇಳಿ. ಆಯುಧಪೂಜೆಯ ಮರುದಿನ ಒಡೆದ ಬೂದುಗುಂಬಳ, ಬಾಳೆಕಂದು ಎಷ್ಟು ಬೀಳುತ್ತದೆ, ಮೂಟೆ ಬಿಚ್ಚಿದಾಗ ಕೈಗೆ ಏನೇನು ತಾಗುತ್ತದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಮಂಡನೆಯ ದಿನ ಅವರನ್ನೂ ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ.

ಬೆಂಗಳೂರಿನ ತರಗತಿಗಳಿಗೆ ಇಲ್ಲೊಂದು ಅನುಕೂಲವಿದೆ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ ಕೇಳುತ್ತವೆ. ತರಗತಿಯಲ್ಲೂ ಆ ಭಾಷೆಗಳ ಮಕ್ಕಳಿದ್ದಾರೆ. ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದೊಂದಿಗೆ ಮಾತನಾಡಲು ಆ ಕಡೆಯ ಕನ್ನಡ ಬಲ್ಲ ಮಗುವೇ ಮುಂದಾಳಾಗಲಿ. ತರಗತಿಯಲ್ಲಿ ಸದ್ದಿಲ್ಲದೆ ಕೂರುವ ಎಷ್ಟೋ ಮಕ್ಕಳು ಈ ಹಂತದಲ್ಲಿ ತಂಡಕ್ಕೆ ಅನಿವಾರ್ಯರಾಗುತ್ತಾರೆ.

ಹಂತ 5: ಇದು ಯಾರ ಕೆಲಸ ಎಂದು ಪತ್ತೆಹಚ್ಚಿ

ಎಷ್ಟೋ ಒಳ್ಳೆಯ ಪ್ರಾಜೆಕ್ಟುಗಳು ತಪ್ಪು ವಿಳಾಸಕ್ಕೆ ಹೋಗಿ ಬೀಳುತ್ತವೆ. ‘ಸರ್ಕಾರ ಕ್ರಮ ಕೈಗೊಳ್ಳಬೇಕು’ ಎಂಬ ಸಾಲು ಯಾರ ಮೇಜಿಗೂ ತಲುಪುವುದಿಲ್ಲ.

ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳೂ 2025ರ ಸೆಪ್ಟೆಂಬರ್‌ನಲ್ಲಿ ಬಂದವು. ನಿಮ್ಮ ಶಾಲೆ ಯಾವ ಪಾಲಿಕೆ, ಯಾವ ವಾರ್ಡಿನಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಹಳೆಯ ಫಲಕಗಳಲ್ಲಿರುವ ವಾರ್ಡ್ ಸಂಖ್ಯೆಯನ್ನು ನೆಚ್ಚಬೇಡಿ. ಕಸ ಸಂಗ್ರಹ ಮತ್ತು ವಿಲೇವಾರಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದ್ದು. ಕುಡಿಯುವ ನೀರು, ಒಳಚರಂಡಿ ಜಲಮಂಡಳಿಯದ್ದು, ಸಹಾಯವಾಣಿ 1916. ಮಳೆನೀರು ಚರಂಡಿ ಮಾತ್ರ ಪಾಲಿಕೆಯದ್ದು; ಮ್ಯಾನ್‌ಹೋಲ್ ಉಕ್ಕಿದ ದೂರನ್ನು ಪಾಲಿಕೆಗೆ ಕೊಟ್ಟರೆ ಅದು ಅಲ್ಲೇ ಉಳಿಯುತ್ತದೆ. ವಿದ್ಯುತ್, ತೆರೆದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಬೆಸ್ಕಾಂನದ್ದು, 1912. ಬೀದಿದೀಪ ಪಾಲಿಕೆಯದ್ದು. ಬಸ್ ನಿಲುಗಡೆ, ಬಸ್ಸಿನ ವೇಳೆ ಬಿಎಂಟಿಸಿ. ಸಿಗ್ನಲ್, ವಾಹನ ನಿಲುಗಡೆಯ ಶಿಸ್ತು ಸಂಚಾರ ಪೊಲೀಸರದ್ದು.

ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ವಾರ್ಡ್ ಮಟ್ಟದ ಎಂಜಿನಿಯರ್, ಬೀದಿಗಳ ನೈರ್ಮಲ್ಯ ನೋಡಿಕೊಳ್ಳುವ ಆರೋಗ್ಯ ಪರಿವೀಕ್ಷಕರ ಮಾತೇ ಹೆಚ್ಚು ನಡೆಯಿತು. ಈಗಲೂ ಅವರಿಂದಲೇ ಆರಂಭಿಸಿ. ಕೋರಿಕೆ ಚಿಕ್ಕದಿದ್ದಷ್ಟೂ ಕೆಳಹಂತದಲ್ಲೇ ಇತ್ಯರ್ಥವಾಗುತ್ತದೆ.

ಕಚೇರಿಯ ದಾಖಲೆ ಬೇಕಾದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು, ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಬರಬೇಕು. ನಮ್ಮ ತಂಡ ಕೇಳಬೇಕಾದ್ದು ಒಂದೇ: ಎರಡನೇ ಅಡ್ಡರಸ್ತೆಗೆ ನಿಗದಿಯಾದ ಕಸದ ಆಟೊದ ಮಾರ್ಗ ಮತ್ತು ವೇಳಾಪಟ್ಟಿಯ ಪ್ರತಿ. ಅರ್ಜಿಯನ್ನು ಮಕ್ಕಳು ಬರೆಯಲಿ, ಶಿಕ್ಷಕರೋ ಪೋಷಕರೋ ಸಹಿ ಹಾಕಿ ಸಲ್ಲಿಸಲಿ. 150 ಪದದಲ್ಲಿ ಸ್ಪಷ್ಟವಾಗಿ ಕೇಳುವುದು ಕನ್ನಡ ಭಾಷಾ ಅಭ್ಯಾಸವಾಗಿಯೂ ಉಪಯುಕ್ತ. ಉತ್ತರಕ್ಕೆ ತಿಂಗಳು ಹಿಡಿಯುವುದರಿಂದ ಮೊದಲ ಎರಡು ವಾರದಲ್ಲೇ ಅರ್ಜಿ ಹೋಗಿರಬೇಕು.

ಹಂತ 6: ಪರಿಹಾರವನ್ನು ಸಣ್ಣದಾಗಿ ಮಾಡಿ ನೋಡಿ

ವಸ್ತುಪ್ರದರ್ಶನಗಳಲ್ಲಿ ಕೈ ಹಿಡಿದರೆ ಮುಚ್ಚಳ ತೆರೆಯುವ ‘ಸ್ಮಾರ್ಟ್ ಡಸ್ಟ್‌ಬಿನ್’ ಬಹಳ ಕಾಣುತ್ತದೆ. ಮಾಡಿದ ಮಕ್ಕಳ ಕೈಚಳಕ ಮೆಚ್ಚುವಂಥದ್ದು. ಆದರೆ ಮೂಲೆಯಲ್ಲಿ ಕಸ ಬೀಳಲು ಮುಚ್ಚಳ ಕಾರಣವಾಗಿರಲಿಲ್ಲ. ಪರಿಹಾರ ಮೂರನೆಯ ಹಂತದ ಎಣಿಕೆಯಿಂದಲೇ ಹುಟ್ಟಬೇಕು.

ಕೆಲಸವನ್ನು ಮೂವರಿಗೆ ಹಂಚಿ: ಮಕ್ಕಳು ತಾವೇ ಮಾಡಬಹುದಾದದ್ದು, ಬೀದಿಯವರು ಮಾಡಬೇಕಾದದ್ದು, ಕಚೇರಿ ಮಾಡಬೇಕಾದದ್ದು. ನಮ್ಮ ಉದಾಹರಣೆಯಲ್ಲಿ ಆಟೊ ಚಾಲಕರು ಮತ್ತು ಮೇಲ್ವಿಚಾರಕರನ್ನು ಕೇಳಿ, ಮಾರ್ಗವನ್ನು ತಿರುಗಿಸಿ ಎರಡನೇ ಅಡ್ಡರಸ್ತೆಯಿಂದಲೇ ಬೆಳಗಿನ ಸುತ್ತು ಶುರುಮಾಡುವುದು ಕಚೇರಿಯ ಪಾಲು. ಬೇಗ ಹೊರಡುವವರ ವಿಂಗಡಿಸಿದ ಕಸವನ್ನು ಮನೆಯಲ್ಲಿರುವ ನೆರೆಯವರು ಆಟೊಗೆ ಕೊಡುವ ಒಪ್ಪಂದ ಬೀದಿಯವರ ಪಾಲು. ಮನೆಮನೆಗೆ ವೇಳೆಯ ಚೀಟಿ ಅಂಟಿಸುವುದು, ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಬೇರ್ಪಡಿಸುವುದನ್ನು ತೋರಿಸಿಕೊಡುವುದು ಮಕ್ಕಳ ಪಾಲು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿದ ‘ಎರಡು ಡಬ್ಬಿ, ಒಂದು ಚೀಲ’ ಪದ್ಧತಿ (ಹಸಿ ಕಸಕ್ಕೆ ಹಸಿರು ಡಬ್ಬಿ, ಸ್ಯಾನಿಟರಿ ಮುಂತಾದ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ) ಇನ್ನೂ ತಿಳಿಯದ ಮನೆಗಳಿವೆ.

ಮೂಲೆಗೆ ಬಣ್ಣ ಬಳಿಯುವುದು, ರಂಗೋಲಿ ಹಾಕುವುದು, ಗಿಡ ಇಡುವುದು ಬೆಂಗಳೂರಿನ ಅನೇಕ ಕಡೆ ಫಲ ಕೊಟ್ಟಿದೆ. ಅದನ್ನು ಮಾಡಿ, ಆದರೆ ಆಟೊದ ವೇಳೆ ಬದಲಾದ ಮೇಲೆ ಮಾಡಿ. ಕಸ ಹಾಕಲು ಬೇರೆ ದಾರಿ ಸಿಗದವರು ರಂಗೋಲಿಯ ಪಕ್ಕದಲ್ಲಿ ಹಾಕಿ ಹೋಗುತ್ತಾರೆ.

ಎರಡು ವಾರ ಪ್ರಯೋಗ ನಡೆಸಿ, ಅದೇ ಬಾಲ್ಕನಿಯಿಂದ, ಅದೇ ಹೊತ್ತಿಗೆ, ಅದೇ ಹಾಳೆಯಲ್ಲಿ ಮತ್ತೆ ಎಣಿಸಿ. ಎರಡನೇ ವಾರ ಕಸ ಮತ್ತೆ ಹೆಚ್ಚಿದರೆ ಅದನ್ನೂ ಬರೆಯಿರಿ. ಖರ್ಚಿನ ಲೆಕ್ಕ ಇಡಿ. ಚೀಟಿಯ ಜೆರಾಕ್ಸ್, ಬಣ್ಣ, ಕುಂಚ ಅಷ್ಟೇ ಆದರೂ ಬಿಲ್ಲುಗಳನ್ನು ಜೋಪಾನವಾಗಿಡಿ.

ಹಂತ 7: ಮಂಡನೆ

ಏಳು ನಿಮಿಷ ಸಾಕು. ಹೆಚ್ಚು ಹೊತ್ತು ಕೊಟ್ಟರೂ ಏಳರಲ್ಲೇ ಮುಗಿಸಿ, ಉಳಿದದ್ದನ್ನು ಪ್ರಶ್ನೆಗಳಿಗೆ ಬಿಡಿ. ಮೊದಲ ನಿಮಿಷ ಜಾಗ ತೋರಿಸಲು, ಮೂರು ನಿಮಿಷ ಎಣಿಕೆ ಮತ್ತು ಜನರ ಮಾತಿಗೆ, ಎರಡು ನಿಮಿಷ ಪ್ರಯೋಗಕ್ಕೆ, ಕೊನೆಯ ನಿಮಿಷ ಕೋರಿಕೆಗೆ.

‘ಸುಂದರ ಉದ್ಯಾನ ನಗರಿಯಾದ ಬೆಂಗಳೂರು ಇಂದು...’ ಎಂದು ಆರಂಭಿಸುವ ರೂಢಿ ಬಿಡಿ. ಹೀಗೆ ಶುರುಮಾಡಲಿ: ‘ಇದು ನಮ್ಮ ಶಾಲೆಯ ಹಿಂದಿನ ಎರಡನೇ ಅಡ್ಡರಸ್ತೆಯ ಮೂಲೆ. ಇಲ್ಲಿ ಕಸ ಬೀಳುವುದು ಹೆಚ್ಚಾಗಿ ಬೆಳಗ್ಗೆ ಏಳರಿಂದ ಎಂಟೂವರೆಯೊಳಗೆ. ಕಸದ ಆಟೊ ಬರುವುದು ಒಂಬತ್ತೂವರೆಯ ನಂತರ.’ ಮೂರು ವಾಕ್ಯದಲ್ಲಿ ಕೇಳುಗರಿಗೆ ಎಲ್ಲ ಅರ್ಥವಾಯಿತು; ಇನ್ನು ಮುಂದಿನದಕ್ಕೆ ಅವರು ಕಾಯುತ್ತಾರೆ.

ಯಾರು ಯಾವ ಕೆಲಸ ಮಾಡಿದರೋ ಅವರೇ ಆ ಭಾಗ ಹೇಳಲಿ. ಎಣಿಸಿದವಳು ಎಣಿಕೆಯ ಬಗ್ಗೆ, ಪೌರಕಾರ್ಮಿಕರೊಂದಿಗೆ ಮಾತನಾಡಿದವನು ಆ ಮಾತಿನ ಬಗ್ಗೆ. ಆಗ ಬಾಯಿಪಾಠದ ಅಗತ್ಯವೇ ಬೀಳುವುದಿಲ್ಲ, ನಡುವೆ ತಡವರಿಸಿದರೂ ಮತ್ತೆ ಎತ್ತಿಕೊಳ್ಳಬಹುದು. ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ನನ್ನ ಮನವಿ: ಕೇಳಲು ಬಂದ ಅಂಗಡಿಯವರು, ಪೌರಕಾರ್ಮಿಕರು, ಆರೋಗ್ಯ ಪರಿವೀಕ್ಷಕರು ಕನ್ನಡದವರಾಗಿದ್ದಾಗ ಕನ್ನಡದಲ್ಲೇ ಮಂಡಿಸಿ. ಬೀದಿಯ ಸಮಸ್ಯೆಯನ್ನು ಬೀದಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿ ಪ್ರಯೋಜನವಿಲ್ಲ.

ಚಾರ್ಟ್‌ಗಳು ನಾಲ್ಕು ಸಾಕು: ಮೂಲೆಯ ಕೈಬರಹದ ನಕ್ಷೆ, ಗಂಟೆವಾರು ಚೀಲಗಳ ಕಂಬನಕ್ಷೆ, ಪ್ರಯೋಗದ ಮುಂಚಿನ ಮತ್ತು ನಂತರದ ಎಣಿಕೆ, ಕೋರಿಕೆ. ಕೊನೆಯ ಬೆಂಚಿನಿಂದ ಓದಲಾಗದ ಅಕ್ಷರ ಬೇಡ. ಥರ್ಮಾಕೋಲ್ ಬೇಡವೇ ಬೇಡ. ಕಸದ ಪ್ರಾಜೆಕ್ಟ್ ಮುಗಿದ ಮರುದಿನ ಅದೇ ಕಸವಾಗಬಾರದು. ಪ್ರೊಜೆಕ್ಟರ್ ಇದ್ದರೂ ಚಾರ್ಟ್ ಸಿದ್ಧವಿರಲಿ, ಕರೆಂಟ್ ಹೋಗುವುದು ಹೇಳಿ ಕೇಳಿ ಅಲ್ಲ.

ತಾಲೀಮು ಎರಡು ಕಡೆ ನಡೆಯಲಿ: ಐದನೆಯ ತರಗತಿಯ ಮಕ್ಕಳ ಮುಂದೆ ಒಮ್ಮೆ, ಮನೆಯ ಹಿರಿಯರ ಮುಂದೆ ಒಮ್ಮೆ. ಚಿಕ್ಕವರಿಗೆ ಅರ್ಥವಾಗದ ಪದಗಳು, ಅಜ್ಜಿ ತಾತಂದಿರು ನಂಬದ ವಾದಗಳು ಅಲ್ಲೇ ಉದುರಿಹೋಗುತ್ತವೆ.

ಪ್ರಶ್ನೆಗಳಿಗೆ ತಯಾರಿ ಬೇಕು. ‘ಮಳೆ ಬಂದ ದಿನ ಎಣಿಸಿದಿರಾ?’, ‘ಪಕ್ಕದ ರಸ್ತೆಯವರಿಗೆ ಆಟೊ ತಡವಾದರೆ ಅಲ್ಲಿ ಕಸ ಬೀಳುವುದಿಲ್ಲವೇ?’, ‘ಇಲ್ಲಿಂದ ತೆಗೆದ ಕಸ ಎಲ್ಲಿಗೆ ಹೋಗುತ್ತದೆ?’ ಈ ಮೂರನೆಯದಕ್ಕೆ ಮಕ್ಕಳು ಮಂಡೂರಿನ ಸಂಗತಿ ತಿಳಿದಿರಬೇಕು. ವರ್ಷಗಟ್ಟಲೆ ನಗರದ ಕಸ ಸುರಿಸಿಕೊಂಡ ಆ ಊರಿನವರು ಹೋರಾಡಿ 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದರು. ವಿಂಗಡಿಸದ ಕಸ ಇನ್ನೊಬ್ಬರ ಊರಿನ ಸಮಸ್ಯೆಯಾಗುತ್ತದೆ ಎಂಬುದು ಬೆಂಗಳೂರಿನ ಪ್ರತಿ ಮಗುವಿಗೂ ಗೊತ್ತಿರಬೇಕು. ಉತ್ತರ ತಿಳಿಯದಿದ್ದರೆ ‘ಅದನ್ನು ನಾವು ಎಣಿಸಿಲ್ಲ ಸರ್, ಎಣಿಸಿ ತಿಳಿಸುತ್ತೇವೆ’ ಎನ್ನಲಿ. ಹಾಗೆ ಹೇಳಿದ ತಂಡಕ್ಕೆ ಅಂಕ ಕಡಿಮೆ ಮಾಡುವ ತೀರ್ಪುಗಾರರು ಇದ್ದರೆ ಶಿಕ್ಷಕರು ತಂಡದ ಪರ ನಿಲ್ಲಬೇಕು.

ಇನ್ನು ಕೋರಿಕೆ. ಆರೋಗ್ಯ ಪರಿವೀಕ್ಷಕರಿಗೆ ಆಹ್ವಾನ ಪತ್ರ ಎರಡು ವಾರ ಮುಂಚೆ ತಲುಪಲಿ. ಕೋರಿಕೆಯ ಪತ್ರವನ್ನು ಮಂಡನೆಯ ಕೊನೆಯಲ್ಲಿ ಒಂದು ಮಗು ಓದಿ ಕೈಗೆ ಕೊಡಲಿ:

‘ಮಾನ್ಯರೇ, ನಮ್ಮ ಶಾಲೆಯ ಹಿಂದಿನ ಎರಡನೇ ಅಡ್ಡರಸ್ತೆಗೆ ಕಸದ ಆಟೊ ಬೆಳಗ್ಗೆ ಒಂಬತ್ತೂವರೆಯ ನಂತರ ಬರುತ್ತಿತ್ತು. ಪ್ರಾಯೋಗಿಕವಾಗಿ ಎರಡು ವಾರ ಏಳು ಗಂಟೆಗೆ ಬಂದಾಗ ಮೂಲೆಯಲ್ಲಿ ಬಿದ್ದ ಚೀಲಗಳ ಸಂಖ್ಯೆ ಕಡಿಮೆಯಾಯಿತು. ಎಣಿಕೆಯ ಪಟ್ಟಿ ಲಗತ್ತಿಸಿದ್ದೇವೆ. ಈ ವೇಳೆಯನ್ನೇ ಕಾಯಂ ಮಾಡಿ, ವೇಳಾಪಟ್ಟಿಯನ್ನು ರಸ್ತೆಯ ಆರಂಭದಲ್ಲಿ ಫಲಕವಾಗಿ ಹಾಕಿಸಿಕೊಡಬೇಕೆಂದು ಕೋರುತ್ತೇವೆ.’

ಇಷ್ಟೇ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ದಿನಾಂಕ ಪಡೆಯಲು ಮರೆಯಬೇಡಿ. ಅಧಿಕಾರಿ ಬರಲಾಗದಿದ್ದರೆ ಮರುವಾರ ತಂಡವೇ ಕಚೇರಿಗೆ ಹೋಗಿ ಪತ್ರ ಕೊಟ್ಟು ಮುದ್ರೆ ಹಾಕಿಸಿಕೊಂಡು ಬರಲಿ.

ಸ್ಪರ್ಧೆಗಳಿಗೂ ಇದೇ ಕೆಲಸ ಒಯ್ಯಬಹುದು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದ ಮಕ್ಕಳ ಸ್ಥಳೀಯ ಅಧ್ಯಯನಗಳಿಗಾಗಿಯೇ ಇದೆ. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ಸಂಘಟಿಸುತ್ತ ಬಂದಿದೆ. ಉಪಕರಣ ರೂಪದ ಆಲೋಚನೆಯಿದ್ದರೆ, ಶಾಲಾ ಮಕ್ಕಳ ಹೊಸ ಆಲೋಚನೆಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದವರಿಗೆ 10,000 ರೂಪಾಯಿ ಸಿಗುತ್ತದೆ. ಬಹುಮಾನ ಬಂದರೆ ಸಂತೋಷ. ಆದರೆ ಬೀದಿಯವರ ಮುಂದೆ ಮಂಡಿಸದೆ ನೇರವಾಗಿ ಸ್ಪರ್ಧೆಗೆ ಹೋಗಬೇಡಿ.

ಹಂತ 8: ಮಂಡನೆಯ ನಂತರ

ಹೆಚ್ಚಿನ ಪ್ರಾಜೆಕ್ಟುಗಳು ಚಪ್ಪಾಳೆಯ ದಿನವೇ ನಿಂತುಹೋಗುತ್ತವೆ. ಹದಿನೈದು ದಿನಕ್ಕೆ ಒಮ್ಮೆ ಅಧಿಕಾರಿಗೆ ಜ್ಞಾಪನ ಪತ್ರ, ತಿಂಗಳಿಗೊಮ್ಮೆ ಒಂದು ದಿನದ ಮರು ಎಣಿಕೆ ಇರಲಿ. ವೇಳೆ ಮತ್ತೆ ಜಾರಿದರೆ ಅದು ಅದೇ ವಾರ ಗೊತ್ತಾಗಬೇಕು.

ಎಲ್ಲವನ್ನೂ ಒಂದು ಫೈಲಿನಲ್ಲಿ ಸೇರಿಸಿ: ಎಣಿಕೆಯ ಮೂಲ ಹಾಳೆಗಳು, ನಕ್ಷೆ, ಮಾಹಿತಿ ಹಕ್ಕಿನ ಉತ್ತರ, ಮುದ್ರೆ ಬಿದ್ದ ಪತ್ರದ ಪ್ರತಿ, ಬಿಲ್ಲುಗಳು, ಜೊತೆಗೆ ‘ಇದನ್ನು ನಾವು ಮಾಡಲಾಗಲಿಲ್ಲ’ ಎಂಬ ಒಂದು ಪುಟ. ಮಾರ್ಚ್‌ನಲ್ಲಿ, ವಾರ್ಷಿಕ ಪರೀಕ್ಷೆಗೆ ಮುನ್ನ, ಒಂಬತ್ತನೆಯವರು ಎಂಟನೆಯ ತರಗತಿಯ ಇಬ್ಬರನ್ನು ಬಾಲ್ಕನಿಗೆ ಕರೆದೊಯ್ದು ಹಾಳೆ ತುಂಬುವುದನ್ನು ಕಲಿಸಿ, ಫೈಲನ್ನು ಅವರ ಹೆಸರಿಗೆ ಬರೆದುಕೊಡಲಿ. ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರದ ಎಣಿಕೆ ಆ ಇಬ್ಬರದು.